ಸಂಜೆ ಮಾತ್ರ ಏರುತ್ತಿದ್ದ ಶುಗರ್: ಶ್ರೀನಿವಾಸಪುರ ಕಡೆಯ ಒಂದು ಪ್ರಕರಣ

ರೋಗಿ 58 ವರ್ಷದ ಹೆಂಗಸು. ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯವರು. ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮೊದಲು ಬರೀ ಮಾತ್ರೆ ಇತ್ತು, ಮೂರು ವರ್ಷದಿಂದ ಇನ್ಸುಲಿನ್ ಕೂಡ ಸೇರಿದೆ. 30/70 ಮಿಕ್ಸ್ ಇನ್ಸುಲಿನ್, ಅಂದರೆ ಬೇಗ ಕೆಲಸ ಮಾಡುವುದೂ ನಿಧಾನವಾಗಿ ಕೆಲಸ ಮಾಡುವುದೂ ಬೆರೆತದ್ದು, ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು 18 ಯೂನಿಟ್, ರಾತ್ರಿ ಊಟಕ್ಕೆ ಅರ್ಧ ಗಂಟೆ ಮೊದಲು 12 ಯೂನಿಟ್. ಜೊತೆಗೆ ಎರಡು ಹೊತ್ತು ಮೆಟ್‌ಫಾರ್ಮಿನ್ ಮಾತ್ರೆ. ಏಪ್ರಿಲ್ ಮೊದಲ ವಾರ ಮಾಡಿಸಿದ ಮೂರು ತಿಂಗಳ ಶುಗರ್ ಟೆಸ್ಟ್, ಅಂದರೆ ಎಚ್‌ಬಿಎ1ಸಿ, 7.6 ಬಂದಿತ್ತು. ಅವರ ವಯಸ್ಸಿಗೆ, ಅವರ ದುಡಿಮೆಗೆ ಅದು ಕೆಟ್ಟದ್ದೇನೂ ಅಲ್ಲ. ಏನನ್ನೂ ಬದಲಿಸದೆ ಕಳಿಸಿದ್ದೆ.

ಜೂನ್‌ನಲ್ಲಿ ಮತ್ತೆ ಬಂದಾಗ ಅವರ ರಾತ್ರಿಯ ಇನ್ಸುಲಿನ್ 22 ಯೂನಿಟ್ ಆಗಿತ್ತು. ಅದಕ್ಕೆ ಮೂರು ದಿನ ಮೊದಲು, ನಡುರಾತ್ರಿ ದಾಟಿದ ಮೇಲೆ, ಶುಗರ್ 44ಕ್ಕೆ ಇಳಿದು ಆಸ್ಪತ್ರೆ ಸೇರಿದ್ದರು. ಆದರೂ ಮನೆಯವರ ದೂರು ಒಂದೇ: "ಶುಗರ್ ಇಳೀತಾನೇ ಇಲ್ಲ ಸಾರ್. ಸಂಜೆ ನೋಡಿದ್ರೆ ಮುನ್ನೂರು."

ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಹಳ್ಳಿ ಬಿಟ್ಟಿದ್ದೇನೆ. ಮನೆಯಲ್ಲೇ ಮೀಟರ್ ಇಟ್ಟುಕೊಂಡು ಶುಗರ್ ನೋಡಿಕೊಳ್ಳುವವರು ಈಗ ಹಳ್ಳಿಹಳ್ಳಿಯಲ್ಲೂ ಇದ್ದಾರೆ. ಅವರಿಗೆ ಈ ಪ್ರಕರಣ ಉಪಯೋಗಕ್ಕೆ ಬರುತ್ತದೆ.

ಮನೆ ಮತ್ತು ನೋಟ್‌ಬುಕ್

ಸ್ವಲ್ಪ ಮಾವಿನ ತೋಟ ಇರುವ ಮನೆ. ತೋತಾಪುರಿಯೆಲ್ಲ ಮಂಡಿಗೆ ಹೋಗುತ್ತದೆ. ಮನೆಗೆಂದು ನಾಲ್ಕಾರು ಬಾದಾಮಿ, ರಸಪುರಿ ಮರಗಳಿವೆ. ಮಗ ನರಸಾಪುರದ ಕಡೆ ಕಂಪನಿಯೊಂದರಲ್ಲಿ ಕೆಲಸಕ್ಕೆ ಹೋಗುತ್ತಾನೆ. ಮೊದಲ ಶಿಫ್ಟ್ ಇದ್ದಾಗ ಇನ್ನೂ ಕತ್ತಲಿರುವಾಗಲೇ ಬಸ್ಸು ಹತ್ತುತ್ತಾನೆ. ಸೊಸೆ ಹಸು, ಮನೆ, ಇಬ್ಬರು ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಅಮ್ಮನ ಶುಗರ್ ನೋಡುವುದು, ಇನ್ಸುಲಿನ್ ಎಳೆದು ಕೊಡುವುದು ಮಗನ ಕೆಲಸ. ಅವನಿಗೆ ಪುರುಸೊತ್ತು ಸಿಗುವುದು ಸಂಜೆ. ಹಾಗಾಗಿ ನೋಟ್‌ಬುಕ್‌ನಲ್ಲಿ ಇರುವುದೆಲ್ಲ ಸಂಜೆ ಏಳರ ಸುಮಾರಿನ ಅಂಕಿಗಳೇ. ಬೆಳಗಿನ ಖಾಲಿ ಹೊಟ್ಟೆಯದ್ದು ಒಂದೂ ಇಲ್ಲ. ಪ್ರತಿ ಸಲ ಮೀಟರ್‌ಗೆ ಹಾಕಿ ರಕ್ತ ತಾಗಿಸುವ ಒಂದು ಸ್ಟ್ರಿಪ್‌ಗೆ ಇಪ್ಪತ್ತು ರೂಪಾಯಿ ಆಸುಪಾಸು ಬೀಳುತ್ತದೆ. ದಿನಕ್ಕೆ ಒಂದಕ್ಕಿಂತ ಜಾಸ್ತಿ ಖರ್ಚು ಮಾಡುವುದು ಅವರಿಗೆ ದುಬಾರಿ ಅನ್ನಿಸಿದ್ದು ಸಹಜ.

ಏಪ್ರಿಲ್‌ನಲ್ಲಿ ಸಂಜೆಯ ಅಂಕಿಗಳು 140ರಿಂದ 170ರೊಳಗೆ ಇದ್ದವು. ಮೇ ಎರಡನೇ ವಾರದಿಂದ ಸಾಲು ಬೇರೆಯಾಗಿತ್ತು. 236, 268, 311, 254, 342, 289. ನಡುವೆ ಎರಡು ದಿನ ಮಾತ್ರ 144, 152. ಆ ಎರಡು ದಿನ ಅಮ್ಮ ಮುಳಬಾಗಿಲಿನಲ್ಲಿರುವ ಚಿಕ್ಕ ಮಗಳ ಮನೆಗೆ ಹೋಗಿದ್ದರು, ಅಲ್ಲಿ ಅಳಿಯ ಮೀಟರ್ ಹಿಡಿದಿದ್ದ.

ಮೊದಲು ಎಲ್ಲೋ ಯಾರೋ ಅವರಿಗೆ ಹೇಳಿಕೊಟ್ಟ ಲೆಕ್ಕ ಒಂದಿತ್ತು. 200 ದಾಟಿದರೆ ಎರಡು ಯೂನಿಟ್ ಏರಿಸಿ, ಮೂರು ದಿನ ನೋಡಿ, ಇಳಿಯದಿದ್ದರೆ ಮತ್ತೆ ಎರಡು. ಮಗ ಅದನ್ನೇ ನಿಯತ್ತಾಗಿ ಮಾಡಿದ್ದ. 12, 14, 16, ಹಾಗೇ 22ರವರೆಗೆ. ಬೆಳಗಿನ 18 ಯೂನಿಟ್ ಮುಟ್ಟಿರಲಿಲ್ಲ, ಏರಿಸಿದ್ದೆಲ್ಲ ರಾತ್ರಿಯದ್ದನ್ನೇ. ಇಷ್ಟು ಸಾಲದು ಅಂತ ರಾತ್ರಿ ಊಟದಲ್ಲಿ ಒಂದು ಮುದ್ದೆ ಇದ್ದದ್ದು ಅರ್ಧ ಮುದ್ದೆಗೆ ಇಳಿದಿತ್ತು. ಇನ್ಸುಲಿನ್ ಏರಿತು, ಮುದ್ದೆ ಇಳಿಯಿತು. ನಡುರಾತ್ರಿ 44 ಆದದ್ದಕ್ಕೆ ಇನ್ನೇನು ಕಾರಣ ಬೇಕು?

ಆ ರಾತ್ರಿ

ಮೂರು ಗಂಟೆ ಹೊತ್ತಿಗೆ ಸೊಸೆಗೆ ಎಚ್ಚರವಾಯಿತು. ಅತ್ತೆ ಏನೋ ಗೊಣಗುತ್ತಿದ್ದರು. ಮೈಯೆಲ್ಲ ಬೆವರು, ರವಿಕೆ ಒದ್ದೆ. ಕರೆದರೆ ಕಣ್ಣು ಬಿಡುತ್ತಾರೆ, ಆದರೆ ಮಾತಿಗೆ ಮಾತು ಕೊಡುತ್ತಿಲ್ಲ. ಬಿಪಿ ಇಳಿದಿದೆ ಅಂತ ಮೊದಲು ಅಂದುಕೊಂಡರು. ಮಗನಿಗೆ ಮೀಟರ್ ನೆನಪಾದದ್ದು ಪುಣ್ಯ. 44 ತೋರಿಸಿತು. ನುಂಗುವ ಶಕ್ತಿ ಇನ್ನೂ ಇತ್ತು, ಹಾಗಾಗಿ ಮೂರು ಚಮಚ ಸಕ್ಕರೆ ಕದಡಿದ ನೀರನ್ನು ಕೂರಿಸಿ ಕುಡಿಸಿದರು. ಅದು ಸರಿಯಾದ ಕೆಲಸ. ಮೂರು ಚಮಚ ಸಕ್ಕರೆ ಅಂದರೆ ಸುಮಾರು 15 ಗ್ರಾಂ. ಕೊಟ್ಟು ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು, 70 ದಾಟದಿದ್ದರೆ ಮತ್ತೆ ಅಷ್ಟೇ ಕೊಡಬೇಕು. ಪ್ರಜ್ಞೆ ಪೂರ್ತಿ ಹೋಗಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬಾರದು, ಉಸಿರಿನ ಕೊಳವೆಗೆ ಹೋಗುತ್ತದೆ. ಅಂಥ ಹೊತ್ತಲ್ಲಿ ನೇರ ಆಸ್ಪತ್ರೆಗೆ ಓಡುವುದೇ ದಾರಿ.

ಇವರೂ ಹತ್ತಿರದ ಆಸ್ಪತ್ರೆಗೆ ಓಡಿದರು. ಗ್ಲೂಕೋಸ್ ಹಾಕಿದ ಮೇಲೆ ಅಮ್ಮ ಎದ್ದು ಕೂತರು. ಬೆಳಿಗ್ಗೆ ಮನೆಗೆ ಕಳಿಸುವಾಗ "ಶುಗರ್ ಹದದಲ್ಲಿಲ್ಲ, ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೋಗ್ತಿದೆ, ಬಾಯಿ ಕಟ್ಟಿ" ಅಂತ ಹೇಳಿದರಂತೆ.

ನಾನು ಕೆದಕಿದಾಗ ಇನ್ನಷ್ಟು ಹೊರಬಂತು. ಮೇ ಕೊನೆಯಿಂದಲೇ ಬೆಳಿಗ್ಗೆ ಏಳುವಾಗ ತಲೆನೋವು. ರಾತ್ರಿ ಕೆಟ್ಟ ಕನಸು. ಹಾಸಿಗೆ ಒದ್ದೆಯಾಗುವಷ್ಟು ಬೆವರು. ಬೇಸಿಗೆಯಲ್ಲಿ ಬೆವರದೇ ಇನ್ನೇನು ಅಂತ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಅಂದರೆ 44 ಆದದ್ದು ಆ ಒಂದು ರಾತ್ರಿ ಮಾತ್ರ ಅಲ್ಲ. ಬಹುಶಃ ವಾರಗಟ್ಟಲೆ ರಾತ್ರಿ ಇಳಿಯುತ್ತಲೇ ಇತ್ತು.

ಕದ್ದು ತಿನ್ನುವ ಆರೋಪ

ಮನೆಯಲ್ಲಿ ಎಲ್ಲರಿಗೂ ಒಂದು ವಿವರಣೆ ಸಿದ್ಧವಾಗಿತ್ತು. ಅಮ್ಮ ಮಾವಿನಹಣ್ಣು ಕದ್ದು ತಿನ್ನುತ್ತಾರೆ. ಮೇ ತಿಂಗಳು, ಮನೆ ತುಂಬ ಹಣ್ಣು, ಮೂಲೆಯಲ್ಲಿ ಹುಲ್ಲಿನಲ್ಲಿ ಅಡೆ ಹಾಕಿದ ಬಾದಾಮಿಯ ಘಮ. ಮುಳಬಾಗಿಲಿಗೆ ಹೋದ ಎರಡು ದಿನ ಶುಗರ್ ಸರಿ ಇತ್ತಲ್ಲ, ಅಲ್ಲಿ ಹಣ್ಣು ಸಿಗಲಿಲ್ಲ, ಅದಕ್ಕೇ. ಮಗನ ಈ ವಾದ ಗಟ್ಟಿಯಾಗಿಯೇ ಇತ್ತು ಅನ್ನಬೇಕು.

ಅಮ್ಮ ಮಾತ್ರ ಒಂದೇ ಮಾತು ಹೇಳಿದರು. "ಈ ವರ್ಷ ವಾಟೆ ಕೂಡ ಚೀಪಿಲ್ಲ ಸ್ವಾಮಿ. ನಂಬೋರು ಯಾರು?"

ಶುಗರ್ ಇರುವವರನ್ನು ನಾವು, ವೈದ್ಯರೂ ಸೇರಿ, ಬಹಳ ಬೇಗ ಸುಳ್ಳುಗಾರರು ಅಂದುಬಿಡುತ್ತೇವೆ. ಅಂಕಿ ಜಾಸ್ತಿ ಬಂದರೆ ತಿಂದಿರುತ್ತಾರೆ, ಮುಗಿಯಿತು. ಕೆಲವರು ತಿನ್ನುವುದೂ ಉಂಟು, ಇಲ್ಲ ಅನ್ನುತ್ತಿಲ್ಲ. ಆದರೆ ಹಾಗೆ ತೀರ್ಮಾನ ಮಾಡಿದ ಕೂಡಲೇ ಬೇರೆ ಕಾರಣ ಹುಡುಕುವುದು ನಿಂತುಹೋಗುತ್ತದೆ. ನೋಟ್‌ಬುಕ್‌ನ ಅಂಕಿಯನ್ನು ನಂಬಿ, ಎದುರು ಕೂತ ಮನುಷ್ಯರನ್ನು ನಂಬದೆ ಇರುವುದು ಯಾವ ನ್ಯಾಯ?

ಒಂದೊಂದಾಗಿ ನೋಡಿದ್ದು

ಮೊದಲು ಎಚ್‌ಬಿಎ1ಸಿ ಮತ್ತೆ ಮಾಡಿಸಿದೆ. 6.7 ಬಂತು. ಇದು ಎರಡು ಮೂರು ತಿಂಗಳ ಸರಾಸರಿಯ ಲೆಕ್ಕ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟು ದಿನ ಅದರ ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟುತ್ತಾ ಹೋಗುತ್ತದೆ. ಕಡೆಯ ಒಂದು ತಿಂಗಳ ಪಾಲೇ ಅದರಲ್ಲಿ ಸುಮಾರು ಅರ್ಧ. 6.7ನ್ನು ದಿನದ ಸರಾಸರಿಗೆ ತಿರುಗಿಸಿದರೆ ಸುಮಾರು 146 ಆಗುತ್ತದೆ. ನೋಟ್‌ಬುಕ್ ನೋಡಿದರೆ 280ರ ಹತ್ತಿರ. ಎರಡೂ ಒಂದೇ ದೇಹದ ಲೆಕ್ಕ, ತಾಳೆಯೇ ಇಲ್ಲ.

ಇಲ್ಲಿ ಆತುರ ಪಡುವ ಹಾಗಿಲ್ಲ. 6.7 ನೋಡಿ ಭೇಷ್ ಅಂದವರು ಇದ್ದಾರೆ. ಅದೇ ಅಪಾಯ. ಸರಾಸರಿ ಅನ್ನುವುದು ಏರಿಳಿತವನ್ನು ಮುಚ್ಚಿಹಾಕುತ್ತದೆ. ಸಂಜೆ 300, ರಾತ್ರಿ 50 ಇದ್ದರೂ ಸರಾಸರಿ ಚೆನ್ನಾಗಿಯೇ ಬರಬಹುದು. ಹಾಗಾಗಿ ಬರೀ 6.7 ಇಟ್ಟುಕೊಂಡು ಸಂಜೆಯ ಅಂಕಿಗಳು ಸುಳ್ಳು ಅನ್ನಲಾಗುವುದಿಲ್ಲ. ಅನುಮಾನ ಪಡಬಹುದು, ಅಷ್ಟೇ.

ಎಚ್‌ಬಿಎ1ಸಿ ತಾನೇ ತಪ್ಪು ಹೇಳುತ್ತಿರಬಹುದೇ? ಅದೂ ಆಗುತ್ತದೆ. ರಕ್ತಕಣ ಬೇಗ ಒಡೆಯುವ ಕಾಯಿಲೆ ಇದ್ದರೆ, ಇತ್ತೀಚೆಗೆ ರಕ್ತ ಹೋಗಿದ್ದರೆ ಅಥವಾ ಹಾಕಿಸಿಕೊಂಡಿದ್ದರೆ, ಕಿಡ್ನಿ ಕೆಟ್ಟು ರಕ್ತ ಹೆಚ್ಚಿಸುವ ಇಂಜೆಕ್ಷನ್ ತಗೊಳ್ಳುತ್ತಿದ್ದರೆ ಅದು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಕಬ್ಬಿಣದ ಕೊರತೆ ಇದ್ದರೆ ಸಾಮಾನ್ಯವಾಗಿ ಉಲ್ಟಾ, ಇರುವುದಕ್ಕಿಂತ ಜಾಸ್ತಿ. ನಮ್ಮ ಹೆಂಗಸರಲ್ಲಿ ರಕ್ತಹೀನತೆ ಬಹಳ. ಅದನ್ನು ನೋಡದೆ ಎಚ್‌ಬಿಎ1ಸಿ ಒಂದನ್ನೇ ಹಿಡಿದುಕೊಂಡರೆ ಆಗದು. ಈ ಅಮ್ಮನ ಹಿಮೋಗ್ಲೋಬಿನ್ 11.8, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಸರಿ. ಕಡಿಮೆ ತೋರಿಸಲು ಯಾವ ಕಾರಣವೂ ಸಿಗಲಿಲ್ಲ.

ಆಮೇಲೆ ಮೀಟರ್. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಹೇಳಿದೆ, ಅವರದೇ ಮೀಟರ್ ತರಲು ಹೇಳಿದೆ. ಬೆರಳಿನಿಂದ ಮೀಟರ್ 118, ಅದೇ ಹೊತ್ತಲ್ಲಿ ತೋಳಿನಿಂದ ತೆಗೆದ ರಕ್ತ ಲ್ಯಾಬ್‌ನಲ್ಲಿ 109. ಈಗಿನ ಮೀಟರ್‌ಗಳಿಗೆ ಇರುವ ಅಂತರರಾಷ್ಟ್ರೀಯ ಅಳತೆಯ ಪ್ರಕಾರ, 100ಕ್ಕಿಂತ ಮೇಲೆ ಶೇಕಡ 15ರಷ್ಟು, ಕೆಳಗೆ 15 ಅಂಕಿಯಷ್ಟು ಆಚೀಚೆ ಆದರೆ ಒಪ್ಪಬಹುದು. ಹಾಗಾಗಿ ಮೀಟರ್ ಸರಿಯೇ ಇದೆ. ಈ ಹೋಲಿಕೆಯನ್ನು ಖಾಲಿ ಹೊಟ್ಟೆಯಲ್ಲೇ ಮಾಡಬೇಕು. ಊಟ ಆದ ಮೇಲೆ ಬೆರಳಿನ ರಕ್ತದಲ್ಲಿ ಸಕ್ಕರೆ ತೋಳಿನದಕ್ಕಿಂತ ಸಹಜವಾಗಿಯೇ ಜಾಸ್ತಿ ಇರುತ್ತದೆ. ಎಷ್ಟೋ ಜನ ತಿಂಡಿ ತಿಂದು ಲ್ಯಾಬ್‌ಗೆ ಹೋಗಿ, ಮನೆಗೆ ಬಂದು ಮೀಟರ್‌ನಲ್ಲಿ ನೋಡಿ, ಎರಡೂ ಬೇರೆ ಬಂತು ಅಂತ ಮೀಟರನ್ನೇ ಎಸೆದಿದ್ದಾರೆ.

ಸ್ಟ್ರಿಪ್ ಡಬ್ಬಿಯ ತಾರೀಖು ಮುಗಿದಿರಲಿಲ್ಲ. ಟಿವಿ ಮೇಲೆ ಇಡುತ್ತಿದ್ದರು, ಅದು ಒಳ್ಳೆಯದಲ್ಲ. ಹೆಚ್ಚಿನ ಸ್ಟ್ರಿಪ್‌ಗಳು 30 ಡಿಗ್ರಿ ಒಳಗೆ ಇರಬೇಕು, ಮುಚ್ಚಳ ಬಿಗಿಯಾಗಿರಬೇಕು. ಇನ್ಸುಲಿನ್ ಬಾಟಲಿ ಫ್ರಿಡ್ಜ್ ಬಾಗಿಲಲ್ಲಿತ್ತು, ಸಿರಿಂಜ್ ಆ ಬಾಟಲಿಗೆ ಹೊಂದುವ 40 ಯೂನಿಟ್‌ನದೇ, ಇನ್ಸುಲಿನ್ ಚುಚ್ಚಿ ಚುಚ್ಚಿ ಹೊಟ್ಟೆಯ ಮೇಲೆ ಗಂಟು ಕಟ್ಟಿರಲಿಲ್ಲ. ಇವೆಲ್ಲ ಬೇಗ ಮುಗಿದವು.

ಮೀಟರ್‌ನ ನೆನಪನ್ನು ತೆಗೆದು ನೋಡಿದಾಗ ಒಂದು ವಿಷಯ ಕಾಡಿತು. ನೋಟ್‌ಬುಕ್‌ನಲ್ಲಿ ಬರೆಯದ ಕೆಲವು ಅಂಕಿಗಳು ಅದರಲ್ಲಿದ್ದವು. 311 ಆದ ದಿನ, ಮೂರು ನಿಮಿಷ ಬಿಟ್ಟು 296. 342 ಆದ ದಿನ, ಸ್ವಲ್ಪ ಹೊತ್ತಿಗೆ 263. "ಜಾಸ್ತಿ ಬಂತಲ್ಲ ಅಂತ ಎರಡನೇ ಸಲ ನೋಡಿದೆ ಸಾರ್" ಅಂದ ಮಗ. ಎಚ್ಚರದ ಹುಡುಗನೇ. ಆದರೆ ಮೂರು ನಾಲ್ಕು ನಿಮಿಷದಲ್ಲಿ ರಕ್ತದ ಸಕ್ಕರೆ 342ರಿಂದ 263ಕ್ಕೆ ಇಳಿಯುವುದು ಹೇಗೆ? ಒಳಗಿನ ಸಕ್ಕರೆ ಹಾಗೆ ಜಿಗಿಯುವುದಿಲ್ಲ. ಹೊರಗಿನದು ಏನೋ ಸೇರುತ್ತಿರಬೇಕು.

ಅದಕ್ಕೇ ಕೇಳಿದೆ, ಸಂಜೆ ಏಳಕ್ಕೆ ಮೊದಲು ಅಮ್ಮ ಏನು ಮಾಡುತ್ತಿರುತ್ತಾರೆ? ಮಗನಿಗೆ ಗೊತ್ತಿರಲಿಲ್ಲ. ಅಷ್ಟು ಹೊತ್ತೂ ಬಾಗಿಲ ಬಳಿ ನಿಂತಿದ್ದ ಸೊಸೆ ಹೇಳಿದಳು. "ಮಕ್ಕಳಿಗೆ ಹಣ್ಣು ಸಿಪ್ಪೆ ತೆಗೆದು ಹೆಚ್ಚಿಕೊಡ್ತಾರೆ ಸಾರ್. ರಜಾ ಅಲ್ವಾ, ದಿನಾ ಬೇಕು ಅವಕ್ಕೆ. ಅತ್ತೆ ತಿನ್ನೋದು ನಾನಂತೂ ನೋಡಿಲ್ಲ."

ಆಮೇಲೆ ಕೈ ತೊಳೆಯುತ್ತಾರಾ? ಸೆರಗಿಗೆ ಒರೆಸಿಕೊಳ್ಳುತ್ತಾರೆ. ಆ ಹೊತ್ತಿಗೆ ತೊಟ್ಟಿಯಲ್ಲಿ ನೀರು ತಳ ಕಂಡಿರುತ್ತದೆ, ಬೇಸಿಗೆಯಲ್ಲಿ ಕೋಲಾರದ ಮನೆಗಳಲ್ಲಿ ನೀರನ್ನು ಯಾರೂ ಸುಮ್ನೆ ಚೆಲ್ಲುವುದಿಲ್ಲ. ಮಗ ಬೆರಳಿಗೆ ಸ್ಪಿರಿಟ್ ಹತ್ತಿ ಒರೆಸಿಯೇ ಚುಚ್ಚುತ್ತಿದ್ದ. ಚುಚ್ಚುತ್ತಿದ್ದದ್ದು ಎಡಗೈಗೆ. ಬಲಗೈಯಲ್ಲಿ ಚಾಕು ಹಿಡಿದರೆ ಹಣ್ಣು ಹಿಡಿಯುವುದು ಎಡಗೈ ತಾನೇ?

ಎರಡು ಸ್ಟ್ರಿಪ್‌ಗಳ ಪರೀಕ್ಷೆ

ಈಗ ಎರಡು ಸಾಧ್ಯತೆ. ಅಮ್ಮ ಹಣ್ಣು ತಿಂದು ಶುಗರ್ ಏರುತ್ತಿದೆ, ಅಥವಾ ಬೆರಳಿಗೆ ಮೆತ್ತಿದ ರಸವನ್ನು ಮೀಟರ್ ಅಳೆಯುತ್ತಿದೆ. ಮುಳಬಾಗಿಲಿನ ಎರಡು ದಿನ ಎರಡಕ್ಕೂ ಸಾಕ್ಷಿಯೇ. ಅಲ್ಲಿ ತಿನ್ನಲು ಹಣ್ಣಿರಲಿಲ್ಲ, ಹೆಚ್ಚಲೂ ಹಣ್ಣಿರಲಿಲ್ಲ. ಆದರೆ ಇವೆರಡನ್ನೂ ಬಿಡಿಸುವುದು ಸುಲಭ. ತಿಂದಿದ್ದರೆ ಕೈ ತೊಳೆದರೂ ಶುಗರ್ ಇಳಿಯದು.

ಮಗನಿಗೆ ಹೇಳಿದೆ: ಇವತ್ತು ಸಂಜೆ ಏನೂ ಬದಲಿಸಬೇಡ. ಅಮ್ಮ ಹಣ್ಣು ಹೆಚ್ಚಲಿ. ದಿನಾ ಮಾಡುವಂತೆಯೇ ಸ್ಪಿರಿಟ್ ಒರೆಸಿ ನೋಡು. ಆಮೇಲೆ ಎರಡೂ ಕೈ ಸೋಪು ಹಾಕಿ ತೊಳೆಸು, ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸು, ಅದೇ ಎಡಗೈಯ ಪಕ್ಕದ ಬೆರಳಿಗೆ ಚುಚ್ಚು. ಎರಡರದ್ದೂ ಫೋಟೋ ಕಳಿಸು. ಇನ್ಸುಲಿನ್ ಯಾವ ಅಂಕಿ ಬಂದರೂ 10 ಯೂನಿಟ್ ಮಾತ್ರ, ಮುದ್ದೆ ಪೂರ್ತಿ.

ಮೊದಲನೆಯದು 324. ತೊಳೆದ ಮೇಲೆ 141.

ಮರುದಿನ ಮತ್ತೆ ಮಾಡಿಸಿದೆ. 287, ಆಮೇಲೆ 133. ಅದರ ಜೊತೆಗೆ ನಾನು ಕೇಳದ ಇನ್ನೊಂದು ಫೋಟೋ ಬಂತು. ಮಗ ತಾನೇ ಒಂದು ರಸಪುರಿ ಸುಲಿದು ತನ್ನ ಬೆರಳಿಗೇ ಚುಚ್ಚಿಕೊಂಡಿದ್ದ. ಅವನಿಗೆ ಶುಗರ್ ಇಲ್ಲ. ಮೀಟರ್ 219 ತೋರಿಸಿತ್ತು, ತೊಳೆದ ಮೇಲೆ 98. ಕೆಳಗೆ ಏನೂ ಬರೆದಿರಲಿಲ್ಲ.

ಇಷ್ಟು ಸಣ್ಣ ರಸ ಅಷ್ಟು ದೊಡ್ಡ ಅಂಕಿ ಹೇಗೆ ಮಾಡುತ್ತದೆ ಅಂತ ಕೇಳಬಹುದು. ಲೆಕ್ಕ ಹಾಕಿ ನೋಡಿ. ಸ್ಟ್ರಿಪ್ ಹೀರುವ ರಕ್ತ ಒಂದು ಮೈಕ್ರೋಲೀಟರ್‌ಗಿಂತಲೂ ಕಡಿಮೆ, 0.6 ಅಂತಿಟ್ಟುಕೊಳ್ಳಿ. ಶುಗರ್ 100 ಇದ್ದರೆ, ಅಂದರೆ ನೂರು ಮಿಲಿಲೀಟರ್ ರಕ್ತದಲ್ಲಿ 100 ಮಿಲಿಗ್ರಾಂ ಇದ್ದರೆ, ಆ ಹನಿಯಲ್ಲಿರುವ ಗ್ಲೂಕೋಸ್ 0.6 ಮೈಕ್ರೋಗ್ರಾಂ. ಒಂದು ಗ್ರಾಂನ ಹತ್ತು ಲಕ್ಷದ ಒಂದು ಪಾಲೂ ಅಲ್ಲ. ಮಾವಿನಹಣ್ಣಿನ ತಿರುಳಿನಲ್ಲಿ 100 ಗ್ರಾಂಗೆ ಸುಮಾರು 2 ಗ್ರಾಂ ಗ್ಲೂಕೋಸ್ ಇರುತ್ತದೆ. ಅದರ ರಸದ ಒಂದು ಹನಿಯ ಸಾವಿರದಲ್ಲಿ ಒಂದು ಪಾಲು ಬೆರಳ ಗೆರೆಗಳಲ್ಲಿ ಒಣಗಿ ಕೂತಿದ್ದರೂ ಸಾಕು, ಅದೇ ಒಂದು ಮೈಕ್ರೋಗ್ರಾಂ ಆಯಿತು. ಅಂದರೆ ರಕ್ತದಲ್ಲಿ ಇರುವುದಕ್ಕಿಂತ ಜಾಸ್ತಿ ಗ್ಲೂಕೋಸ್ ಚರ್ಮದ ಮೇಲಿಂದಲೇ ಸೇರಿತು. ಎರಡನೇ ಸಲ ಬೇರೆ ಬೆರಳಿಗೆ ಚುಚ್ಚಿದರೆ ರಸ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ, ಅದಕ್ಕೇ 342 ಹೋಗಿ 263.

ಸ್ಪಿರಿಟ್ ಯಾಕೆ ಕೆಲಸ ಮಾಡಲಿಲ್ಲ? ಸ್ಪಿರಿಟ್ ಇರುವುದು ಕ್ರಿಮಿಗೆ. ಸಕ್ಕರೆ ಕರಗುವುದು ನೀರಿನಲ್ಲಿ, ಸ್ಪಿರಿಟ್‌ನಲ್ಲಿ ಸರಿಯಾಗಿ ಕರಗುವುದಿಲ್ಲ. ಜಪಾನಿನ ವೈದ್ಯರು 2011ರಲ್ಲಿ ಇದನ್ನೇ ಪರೀಕ್ಷಿಸಿ ಬರೆದಿದ್ದಾರೆ. ಕಿತ್ತಳೆ, ದ್ರಾಕ್ಷಿ, ಕಿವಿ ಹಣ್ಣು ಸುಲಿದ ಕೈಯನ್ನು ಸ್ಪಿರಿಟ್‌ನಿಂದ ಹಲವು ಸಲ ಒರೆಸಿದರೂ ಅಂಕಿ ಸುಳ್ಳೇ ಬಂತು, ನೀರಿನಲ್ಲಿ ತೊಳೆದಾಗ ಸರಿಯಾಯಿತು. ನಮ್ಮ ಕಡೆ ಮಾವಿನ ಕಾಲದಲ್ಲಿ, ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಗಳಲ್ಲಿ ಇದು ಎಷ್ಟು ಮನೆಗಳಲ್ಲಿ ನಡೆಯುತ್ತಿರಬಹುದು ಯೋಚಿಸಿ.

ನಾವು ಅಡುಗೆಗೆ ಬಳಸುವ ಬಿಳಿ ಸಕ್ಕರೆಯನ್ನು ಸ್ಟ್ರಿಪ್ ಅಷ್ಟಾಗಿ ಗುರುತಿಸುವುದಿಲ್ಲ, ಅದು ಬೇರೆ ಬಗೆಯದು. ಹಣ್ಣಿನ ರಸ, ಜೇನುತುಪ್ಪ, ಅಂಗಡಿಯಲ್ಲಿ ಸಿಗುವ ಗ್ಲೂಕೋಸ್ ಪುಡಿ, ಇವು ಮೋಸ ಮಾಡುತ್ತವೆ. ಅದರಲ್ಲೂ ಗ್ಲೂಕೋಸ್ ಪುಡಿ ನಿಜಕ್ಕೂ ಅಪಾಯ. ಶುಗರ್ ಇಳಿದಾಗ ಅದನ್ನು ಕದಡಿ ಕೊಟ್ಟು, ಅದೇ ಪುಡಿ ಮೆತ್ತಿದ ಕೈಯಲ್ಲಿ ಮತ್ತೆ ಚುಚ್ಚಿದರೆ 180 ಬರುತ್ತದೆ. ಸರಿಹೋಯಿತು ಅಂತ ಮಲಗಿಸುತ್ತಾರೆ. ಒಳಗೆ ಇನ್ನೂ 50 ಇರಬಹುದು. ಒದ್ದೆ ಬೆರಳಲ್ಲಿ ಇನ್ನೊಂದು ತೊಂದರೆ, ನೀರು ಬೆರೆತು ಅಂಕಿ ಕಡಿಮೆ ಬರುತ್ತದೆ. ತೊಳೆಯುವುದು ಎಷ್ಟು ಮುಖ್ಯವೋ ಒಣಗಿಸುವುದೂ ಅಷ್ಟೇ. ನೀರು ಸಿಗದ ಕಡೆ ಮೊದಲ ಹನಿಯನ್ನು ಒರೆಸಿ ಎರಡನೇ ಹನಿ ಹಿಡಿಯುವುದು ವಾಸಿ, ಆದರೆ ಹಣ್ಣು ಮುಟ್ಟಿದ ಕೈಗೆ ನಾನು ಅದನ್ನೂ ನಂಬುವುದಿಲ್ಲ.

ಅಂಕಿ ನಿಜವಾಗಿದ್ದರೂ ತಪ್ಪೇ

ಮಾವಿನ ರಸದ ಕತೆ ಕೇಳಿದವರೆಲ್ಲ ಅಲ್ಲಿಗೇ ನಿಲ್ಲುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಬೇರೆ. ಆ 324 ನಿಜವೇ ಆಗಿದ್ದರೂ ರಾತ್ರಿಯ ಇನ್ಸುಲಿನ್ ಏರಿಸಬೇಕಾಗಿರಲಿಲ್ಲ.

ದಿನಕ್ಕೆ ಎರಡು ಸಲ ಮಿಕ್ಸ್ ಇನ್ಸುಲಿನ್ ತಗೊಳ್ಳುವವರಲ್ಲಿ, ರಾತ್ರಿ ಊಟಕ್ಕೆ ಮೊದಲಿನ ಶುಗರ್ ಹೇಳುವುದು ಬೆಳಗಿನ ಡೋಸ್ ಹೇಗೆ ಕೆಲಸ ಮಾಡಿತು ಅಂತ. ರಾತ್ರಿಯ ಡೋಸ್ ಸರಿ ಇದೆಯೇ ಅಂತ ಹೇಳುವುದು ಮರುದಿನ ಬೆಳಗಿನ ಖಾಲಿ ಹೊಟ್ಟೆಯ ಶುಗರ್. 30/70ರಲ್ಲಿ 70 ಪಾಲು ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್. ರಾತ್ರಿ ಎಂಟಕ್ಕೆ ಹಾಕಿದರೆ ಅದರ ಜೋರು ನಡುರಾತ್ರಿಯಿಂದ ಬೆಳಗಿನ ಜಾವದ ಒಳಗೆ. ಆ ಹೊತ್ತಲ್ಲಿ ಹೊಟ್ಟೆಯಲ್ಲಿ ಏನೂ ಇರುವುದಿಲ್ಲ, ಎಚ್ಚರವೂ ಇರುವುದಿಲ್ಲ. ಸಂಜೆಯ ಅಂಕಿ ನೋಡಿ ರಾತ್ರಿಯ ಡೋಸ್ ಏರಿಸಿದರೆ ಸಂಜೆಯದ್ದು ಇಳಿಯುವುದಿಲ್ಲ, ನಡುರಾತ್ರಿಯದ್ದು ಇಳಿಯುತ್ತದೆ. ಇಳಿಯಲಿಲ್ಲ ಅಂತ ಮತ್ತೆ ಏರಿಸುತ್ತಾರೆ. ಈ ಮನೆಯಲ್ಲಿ ಆದದ್ದು ಇದೇ. ಬೆಳಿಗ್ಗೆ ಒಂದೇ ಒಂದು ಸಲ ಖಾಲಿ ಹೊಟ್ಟೆಯಲ್ಲಿ ನೋಡಿದ್ದರೆ ಬಹುಶಃ 14 ಯೂನಿಟ್‌ನಲ್ಲೇ ಗೊತ್ತಾಗುತ್ತಿತ್ತು. ಬೆಳಿಗ್ಗೆ ಮಗ ಬಸ್ಸಿನಲ್ಲಿರುತ್ತಿದ್ದ.

"ಇಷ್ಟಿದ್ದರೆ ಎರಡು ಏರಿಸಿ" ಅಂತ ಹೇಳಿಕೊಡುವವರು ಯಾವ ಹೊತ್ತಿನ ಅಂಕಿಗೆ ಯಾವ ಹೊತ್ತಿನ ಡೋಸ್ ಅಂತ ಹೇಳದಿದ್ದರೆ ಅದು ಅರ್ಧ ಮಾತು. ಅರ್ಧ ಮಾತು ಕೊಡುವುದಕ್ಕಿಂತ ಕೊಡದಿರುವುದು ಒಳ್ಳೆಯದು.

ಮುಂದೆ ಮಾಡಿದ್ದು

ಒಂದು ದಿನ ಪೂರ್ತಿ ನೋಡಿಸಿದೆ. ಪ್ರತಿ ಸಲವೂ ಕೈ ತೊಳೆದು. ಖಾಲಿ ಹೊಟ್ಟೆ 126, ತಿಂಡಿ ಆಗಿ ಎರಡು ಗಂಟೆಗೆ 178, ಮಧ್ಯಾಹ್ನ ಊಟಕ್ಕೆ ಮೊದಲು 131, ಊಟದ ಮೇಲೆ 184, ರಾತ್ರಿ ಊಟಕ್ಕೆ ಮೊದಲು 147, ಆಮೇಲೆ 172, ನಡುರಾತ್ರಿ ಮೂರಕ್ಕೆ 104. ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟದ ಮೇಲೆ 180ರೊಳಗೆ ಅನ್ನುವುದು ಸಾಮಾನ್ಯ ಗುರಿ. ಒಂದು ನಾಲ್ಕು ಅಂಕಿ ಮೇಲೆ ಹೋಗಿದ್ದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ರಾತ್ರಿಯ ಡೋಸ್ 10ರಲ್ಲೇ ನಿಲ್ಲಿಸಿದೆ. ಏಪ್ರಿಲ್‌ನಲ್ಲಿ 12 ಇತ್ತಲ್ಲ ಅಂತ ಕೇಳಿದರು. ಹಾಗೆ ಇಳಿದುಬಿದ್ದವರಿಗೆ ಸ್ವಲ್ಪ ದಿನ ಸಡಿಲ ಬಿಡಬೇಕು. ಪದೇ ಪದೇ ಇಳಿದರೆ ಬೆವರು, ನಡುಕದಂಥ ಎಚ್ಚರಿಕೆಗಳೇ ಮಂಕಾಗುತ್ತವೆ. ಮುಂದಿನ ಸಲ ಸೊಸೆಗೆ ಎಚ್ಚರ ಆಗದೇ ಹೋಗಬಹುದು.

ಹದಿನಾಲ್ಕು ದಿನ ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್ ಬಗ್ಗೆಯೂ ಹೇಳಿದೆ. ಅದಿದ್ದಿದ್ದರೆ ರಾತ್ರಿಯ ಇಳಿತವೆಲ್ಲ ಮೊದಲ ದಿನವೇ ಕಾಣುತ್ತಿತ್ತು. ಕೆಲವು ಸಾವಿರ ರೂಪಾಯಿ ಆಗುತ್ತದೆ. ತೋತಾಪುರಿ ರೇಟು ಕೇಳಿಕೊಂಡವರಿಗೆ ಅದನ್ನು ಒತ್ತಾಯ ಮಾಡುವ ಮನಸ್ಸಾಗಲಿಲ್ಲ. ಬದಲಿಗೆ ಸ್ಟ್ರಿಪ್‌ಗಳನ್ನೇ ಬೇರೆ ತರ ಹಂಚಿದೆವು. ದಿನಾ ಸಂಜೆ ಒಂದು ಬೇಡ. ವಾರದಲ್ಲಿ ಎರಡು ದಿನ, ದಿನಕ್ಕೆ ನಾಲ್ಕು ಸಲ. ಖಾಲಿ ಹೊಟ್ಟೆ, ತಿಂಡಿ ಆಗಿ ಎರಡು ಗಂಟೆಗೆ, ರಾತ್ರಿ ಊಟಕ್ಕೆ ಮೊದಲು, ಮಲಗುವಾಗ. ತಿಂಗಳಿಗೆ ಖರ್ಚು ಹೆಚ್ಚುಕಮ್ಮಿ ಅಷ್ಟೇ. ಬೆಳಗಿನದನ್ನು ಸೊಸೆ ನೋಡುತ್ತಾಳೆ. ಅವಳಿಗೆ ಮೀಟರ್ ಹಿಡಿಯಲು ಯಾರೂ ಹೇಳಿಕೊಟ್ಟಿರಲಿಲ್ಲ ಅಷ್ಟೇ, ಕಲಿಯಲು ಐದು ನಿಮಿಷ ಹಿಡಿಯಿತು.

ಮಾವಿನಹಣ್ಣಿನ ಮಾತೂ ಬಂತು. ತಿನ್ನಲೇಬಾರದು ಅನ್ನುವುದನ್ನು ನಾನು ಒಪ್ಪುವುದಿಲ್ಲ. 100 ಗ್ರಾಂ ತಿರುಳಿನಲ್ಲಿ ಸುಮಾರು 15 ಗ್ರಾಂ ಪಿಷ್ಟ, ಸಕ್ಕರೆ ಎಲ್ಲ ಸೇರಿ. ಮಧ್ಯಾಹ್ನದ ಊಟದಲ್ಲಿ ಅಷ್ಟು ಅನ್ನ ಕಡಿಮೆ ಮಾಡಿ ಎರಡು ಹೋಳು ತಿಂದರೆ ಆಕಾಶವೇನೂ ಬೀಳದು. ಇದನ್ನು ಮಗನ ಎದುರಿಗೇ ಹೇಳಿದೆ. ಅಮ್ಮ ನಗಲಿಲ್ಲ. "ಈಗ ಸೀಸನ್ ಮುಗೀತಾ ಬಂತು ಬಿಡಿ" ಅಂದರು.

ಸೆಪ್ಟೆಂಬರ್‌ನಲ್ಲಿ ಎಚ್‌ಬಿಎ1ಸಿ 7.3 ಬಂತು. ಮಗ ರಿಪೋರ್ಟ್ ಮೇಜಿನ ಮೇಲಿಟ್ಟು "6.7 ಇತ್ತು, ಏರಿಬಿಟ್ಟಿದೆ ಸಾರ್" ಅಂದ. ಏರಬೇಕಾಗಿತ್ತು. ಜೂನ್‌ನ 6.7ರಲ್ಲಿ ರಾತ್ರಿಯ ಇಳಿತಗಳೂ ಸೇರಿದ್ದವು. ಈಗಿನ 7.3ರ ಹಿಂದೆ ಒಂದೂ 70ಕ್ಕಿಂತ ಕೆಳಗಿನ ಅಂಕಿ ಇಲ್ಲ, ಬೆಳಗಿನ ತಲೆನೋವು ಇಲ್ಲ, ಒದ್ದೆ ಹಾಸಿಗೆ ಇಲ್ಲ. ಏಪ್ರಿಲ್‌ನ 7.6ಕ್ಕಿಂತ ಇದು ಒಳ್ಳೆಯದೇ. ಅವನಿಗೆ ಪೂರ್ತಿ ಸಮಾಧಾನ ಆದ ಹಾಗೆ ಕಾಣಲಿಲ್ಲ. ರಾತ್ರಿ ಊಟಕ್ಕೆ ಮೊದಲಿನ ಅಂಕಿ ಎರಡು ಮೂರು ವಾರ 150ರ ಮೇಲೇ ನಿಂತರೆ ಬೆಳಗಿನ ಡೋಸನ್ನು ಎರಡು ಯೂನಿಟ್ ಏರಿಸೋಣ, ಅದೂ ನನ್ನನ್ನು ಕೇಳಿಯೇ, ಅಂತ ಬರೆದುಕೊಟ್ಟೆ.

ಕಿಡ್ನಿಗೆ ಪೆಟ್ಟಾಗಿದೆಯೇ ಅಂತ ನೋಡಲು ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ ಆಯಿತು, ಸರಿ ಇದೆ. ಕಣ್ಣಿನ ಪರೀಕ್ಷೆ ಎರಡು ವರ್ಷದಿಂದ ಬಾಕಿ. ಕೋಲಾರಕ್ಕೆ ಚೀಟಿ ಕೊಟ್ಟಿದ್ದೇನೆ. ಟೊಮೆಟೊ ಕೀಳುವುದು ಮುಗಿದ ಮೇಲೆ ಹೋಗುತ್ತಾರಂತೆ.